ಮೆತ್ತಗೆ ಹೊಡೆದರೆ ಅಂಟಿಕೊಳ್ಳುವ ಸ್ಟ್ರೈಕರ್

ಅಣ್ಣನ ಮಗಳು ಇಂಜಿನಿಯರಿಂಗ್ ಮೂರನೇ ವರ್ಷ. ರಜೆಯಲ್ಲಿ ಕೂತು ಪೈಥಾನ್‌ನಲ್ಲಿ ಒಂದು ಕ್ಯಾರಂ ಆಟ ಬರೆದಿದ್ದಳು. ಮೈಸೂರಿನ ಕುವೆಂಪುನಗರದ ಮನೆಗೆ ಹೋದಾಗ ಕಾಫಿ ಕೊಡುವ ಮೊದಲೇ ಲ್ಯಾಪ್‌ಟಾಪ್ ಮುಂದಿಟ್ಟಳು. "ಚಿಕ್ಕಪ್ಪ, ಒಂದು ಗೇಮ್ ಆಡಿ ನೋಡಿ."

ಆಡಿದೆ. ಬೋರ್ಡ್ ಚೆನ್ನಾಗಿತ್ತು, ಸದ್ದು ಇನ್ನೂ ಚೆನ್ನಾಗಿತ್ತು. ಜೋರಾಗಿ ಹೊಡೆದರೆ ಕಾಯಿನ್‌ಗಳು ಚೆಲ್ಲಾಪಿಲ್ಲಿ. ಆದರೆ ಪಾಕೆಟ್ ಬಾಯಲ್ಲಿ ಕೂತ ಕಾಯಿನ್‌ಗೆ ಮೆತ್ತಗೆ ಒಂದು ಹೊಡೆದೆ ನೋಡಿ, ಸ್ಟ್ರೈಕರ್ ಹೋಗಿ ತಗುಲಿತು, ಕಾಯಿನ್‌ನ ಬೆನ್ನಿಗೆ ಗೋಂದು ಹಚ್ಚಿದಂತೆ ಅಂಟಿಕೊಂಡು, ಎರಡೂ ಜೊತೆಯಾಗಿ ಪಾಕೆಟ್‌ಗೆ ಬಿದ್ದವು. ಫೌಲ್. ಇನ್ನೊಮ್ಮೆ ಹೊಡೆದೆ. ಮತ್ತೆ ಅದೇ.

"ಇದು ಕ್ಯಾರಂ ಅಲ್ಲ ಕಣಮ್ಮ" ಅಂದೆ.

"ಫಿಸಿಕ್ಸ್ ಎಂಜಿನ್ ಚಿಕ್ಕಪ್ಪ ಅದು. ವಸ್ತುಗಳ ಓಟ, ಡಿಕ್ಕಿ ಎಲ್ಲ ಲೆಕ್ಕ ಹಾಕೋ ರೆಡಿಮೇಡ್ ಕೋಡು. ಲೆಕ್ಕ ತಪ್ಪಲ್ಲ. ನಿಮ್ಮ ಕಣ್ಣಿಗೆ ಹಾಗೆ ಕಾಣ್ತಿದೆ ಅಷ್ಟೇ."

ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದವನು. ಮೀಟರ್ ಒಂದು ಹೇಳುತ್ತೆ, ಮೆಷಿನ್ ಇನ್ನೊಂದು ಹೇಳುತ್ತೆ ಅಂದಾಗ ಏನು ಮಾಡಬೇಕು ಅಂತ ನನಗೆ ಗೊತ್ತಿರುವುದು ಒಂದೇ ದಾರಿ. ಅಳೆಯುವುದು. ಅಟ್ಟದಿಂದ ಹಳೆಯ ಬೋರ್ಡ್ ಇಳಿಸಿದೆವು. ಅಲ್ಲಿಂದ ಐದು ಭಾನುವಾರ ಹೋಯಿತು.

ತೂಕ ಮತ್ತು ತೊಟ್ಟಿಲು

ಮೊದಲು ತೂಕ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಮೇಲೆ ಕೆಳಗೆ ತೋರಿಸುತ್ತೆ. ಐದು ಗ್ರಾಂ ಕಾಯಿನ್‌ಗೆ ಅದು ಯಾವ ಮೂಲೆಗೂ ಸಾಲದು. ಅಶೋಕ ರಸ್ತೆಯಲ್ಲಿ ಪರಿಚಯದ ಚಿನ್ನದಂಗಡಿಯೊಂದಿದೆ. ಅಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ 19 ಕಾಯಿನ್ ಮತ್ತು ಸ್ಟ್ರೈಕರ್ ತೂಗಿಸಿಕೊಂಡು ಬಂದೆ. ಅಂಗಡಿಯವರು ನಕ್ಕರು, ದುಡ್ಡು ತಗೊಳ್ಳಲಿಲ್ಲ. ಸ್ಟ್ರೈಕರ್ 14.6 ಗ್ರಾಂ. ಕಾಯಿನ್‌ಗಳು 4.9ರಿಂದ 5.5 ಗ್ರಾಂವರೆಗೆ ಹರಡಿದ್ದವು. ಆಟದ ನಿಯಮದಲ್ಲಿ ಸ್ಟ್ರೈಕರ್ 15 ಗ್ರಾಂ ಮೀರಬಾರದು, ಕಾಯಿನ್ 5ರಿಂದ 5.5 ಗ್ರಾಂ ಇರಬೇಕು. ನಮ್ಮದರಲ್ಲಿ ಎರಡು ಸವೆದು ಹಗುರಾಗಿದ್ದವು. ಅವನ್ನು ಪಕ್ಕಕ್ಕಿಟ್ಟು, 5.2 ಗ್ರಾಂ ಹತ್ತಿರ ಇದ್ದ ಆರನ್ನು ಆರಿಸಿಕೊಂಡೆ.

ಆಮೇಲೆ ಹೊಡೆಯುವ ವಿಷಯ. ಬೆರಳಲ್ಲಿ ಹೊಡೆದರೆ ಒಂದು ಸಲದಂತೆ ಇನ್ನೊಂದು ಸಲ ಬರುವುದಿಲ್ಲ. ರಬ್ಬರ್ ಬ್ಯಾಂಡ್ ಕಟ್ಟಿ ನೋಡಿದೆ. ಹತ್ತು ಹೊಡೆತಕ್ಕೆ ಸೋತು ಸಡಿಲವಾಯಿತು. ಕೊನೆಗೆ ಲೋಲಕವೇ ಸರಿ ಅನ್ನಿಸಿತು. ಪಕ್ಕದ ಬೀದಿಯ ತರಕಾರಿ ಗಾಡಿಯವರ ಹತ್ತಿರ ಅರ್ಧ ಕೆಜಿ ತೂಕದ ಕಲ್ಲು ಕೇಳಿ ತಂದೆ. ಕಬ್ಬಿಣದ್ದೇ ಆದರೂ ನಾವು ಕಲ್ಲು ಅಂತಲೇ ಅನ್ನುತ್ತೇವಲ್ಲ, ಅದು. ಆರು ಮುಖದ್ದು, ಹಾಗಾಗಿ ಹೊಡೆಯಲು ಚಪ್ಪಟೆ ಮುಖ ಸಿಗುತ್ತೆ. ಆ ಮುಖಕ್ಕೆ ಸೈಕಲ್ ಟ್ಯೂಬಿನ ಒಂದು ತುಂಡು ಅಂಟಿಸಿದೆ, ಸ್ಟ್ರೈಕರ್ ಅಂಚು ಚಕ್ಕೆ ಏಳದಿರಲಿ ಅಂತ.

ಒಂದೇ ದಾರದಲ್ಲಿ ನೇತು ಹಾಕಿದಾಗ ಕಲ್ಲು ಬುಗುರಿಯಂತೆ ತಿರುಗುತ್ತಿತ್ತು. ಓರೆಯಾಗಿ ಬಡಿದು ಸ್ಟ್ರೈಕರ್ ಗಿರಗಿರ ತಿರುಗುತ್ತಾ ಓಡುತ್ತಿತ್ತು. ಎರಡು ದಾರ ಹಾಕಿದೆ, ಸ್ವಲ್ಪ ಪರವಾಗಿಲ್ಲ. ಅತ್ತಿಗೆ ನೋಡಿ, "ತೊಟ್ಟಿಲಿಗೆ ನಾಲ್ಕು ಕಡೆ ಕಟ್ಟಲ್ವಾ?" ಅಂದರು. ಹೌದಲ್ಲ! ನಾಲ್ಕು ದಾರ, ಎರಡು ಸ್ಟೂಲಿನ ಮಧ್ಯೆ ಒಂದು ಹಲಗೆ, ಅದರ ಕೆಳಗೆ ತೊಟ್ಟಿಲು. ಅದಾದ ಮೇಲೆ ಕಲ್ಲು ತಿರುಗಲೇ ಇಲ್ಲ. ಪಕ್ಕದಲ್ಲಿ ಒಂದು ಸ್ಕೇಲ್ ನಿಲ್ಲಿಸಿ, ಎಷ್ಟು ಎತ್ತರದಿಂದ ಬಿಡಬೇಕು ಅಂತ ಗುರುತು ಹಾಕಿದೆ. ಕೈಯಿಂದ ಬಿಟ್ಟರೆ ಬೆರಳು ಒಂದಿಷ್ಟು ತಳ್ಳಿಬಿಡುತ್ತೆ. ಅದಕ್ಕೆ ಕಲ್ಲನ್ನು ಹಿಂದಕ್ಕೆ ದಾರದಲ್ಲಿ ಕಟ್ಟಿ, ದಾರವನ್ನು ಊದಿನಕಡ್ಡಿಯಿಂದ ಸುಟ್ಟೆವು. ಪ್ರತಿ ಹೊಡೆತಕ್ಕೂ ಒಂದು ಊದಿನಕಡ್ಡಿಯ ಕೆಂಡ. ಮನೆಯೆಲ್ಲ ದೇವರ ಕೋಣೆಯ ವಾಸನೆ.

ಆರು ಸೆಂ.ಮೀ. ಎತ್ತರದಿಂದ ಬಿಟ್ಟರೆ 15 ಸೆಂ.ಮೀ. ದೂರದ ಕಾಯಿನ್‌ಗೆ ತಗುಲುವಾಗ ಸ್ಟ್ರೈಕರ್ ವೇಗ ಸೆಕೆಂಡಿಗೆ ಸುಮಾರು 1.5 ಮೀಟರ್. ಎರಡೂವರೆ ಸೆಂ.ಮೀ.ಯಿಂದ ಬಿಟ್ಟರೆ 0.8 ಮೀಟರ್. ಇವೆರಡನ್ನೇ ನಾವು 'ಮಧ್ಯಮ' ಮತ್ತು 'ಮೆತ್ತಗೆ' ಅಂತ ಕರೆದೆವು.

ಕ್ಯಾಮೆರಾದ ತಲೆನೋವು

ಅದೇ ಹಲಗೆಗೆ ಫೋನನ್ನು ಬೋರ್ಡ್ ನೋಡುವಂತೆ ಕೆಳಮುಖವಾಗಿ ಕಟ್ಟಿದೆವು. ಸ್ಲೋ ಮೋಷನ್, ಸೆಕೆಂಡಿಗೆ 240 ಚಿತ್ರ. ಮೊದಲ ವಿಡಿಯೋ ನೋಡಿದರೆ ಚಿತ್ರವೆಲ್ಲ ಮಿಣಮಿಣ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ನಮ್ಮ ಕಣ್ಣಿಗೆ ಅದು ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ಬೋರ್ಡನ್ನು ತಾರಸಿಗೆ ಹೊತ್ತೊಯ್ದೆವು. ಬೆಳಕು ಬೊಂಬಾಟ್, ಆದರೆ ಗಾಳಿಗೆ ಪೌಡರ್ ಹಾರಿಹೋಯಿತು. ಕೊನೆಗೆ ಮುಂದಿನ ವರಾಂಡ, ಬೆಳಗ್ಗೆ ಒಂಬತ್ತರಿಂದ ಹನ್ನೊಂದು. ಅಷ್ಟು ಹೊತ್ತು ಚಪ್ಪಲಿ ಬಿಡಲು ಯಾರಿಗೂ ಜಾಗ ಇಲ್ಲ.

ಕಾಯಿನ್ ಎಲ್ಲಿದೆ ಅಂತ ಚಿತ್ರದಿಂದ ಚಿತ್ರಕ್ಕೆ ಹುಡುಕಲು 'ಟ್ರ್ಯಾಕರ್' ಎಂಬ ಉಚಿತ ಸಾಫ್ಟ್‌ವೇರ್ ಇದೆ. ಭೌತಶಾಸ್ತ್ರ ಕಲಿಸುವವರಿಗೆಂದೇ ಮಾಡಿದ್ದು. ಒಂದು ಗುರುತು ತೋರಿಸಿಕೊಟ್ಟರೆ ತಾನೇ ಹಿಂಬಾಲಿಸುತ್ತೆ. ಗುರುತಿಗೆ ಅತ್ತಿಗೆಯ ಸ್ಟಿಕ್ಕರ್ ಬೊಟ್ಟು. ಬಿಳಿ ಕಾಯಿನ್‌ಗೆ ಕಪ್ಪು ಬೊಟ್ಟು, ಕಪ್ಪು ಕಾಯಿನ್‌ಗೆ ಹಳದಿ ಬೊಟ್ಟು. ನಡುವೆ ಒಂದು, ಅಂಚಿನಲ್ಲಿ ಒಂದು. ನಡುವಿನದು ಎಲ್ಲಿಗೆ ಹೋಯಿತು ಅಂತ ಹೇಳುತ್ತೆ, ಅಂಚಿನದು ಎಷ್ಟು ತಿರುಗಿತು ಅಂತ ಹೇಳುತ್ತೆ.

ಮೊದಲ ಪರೀಕ್ಷೆ ಸುಲಭದ್ದು. ಸ್ಟ್ರೈಕರನ್ನು ಸುಮ್ನೆ ಓಡಿಸಿ ಹೇಗೆ ನಿಲ್ಲುತ್ತೆ ಅಂತ ನೋಡುವುದು. ಘರ್ಷಣೆಯ ಅಂಶ, ಅಂದರೆ ತೂಕದ ಎಷ್ಟು ಪಾಲು ತಡೆ ಅನ್ನುವುದು, 0.0019 ಅಂತ ಬಂತು. ಅಂದರೆ ನಮ್ಮ ಬೋರ್ಡ್ ಐಸ್‌ಗಿಂತ ನುಣುಪು! ಅಂಥ ಬೋರ್ಡಿನಲ್ಲಿ ಒಂದು ಸಲ ಹೊಡೆದರೆ ಸ್ಟ್ರೈಕರ್ ನಾಳೆ ಬೆಳಗ್ಗೆವರೆಗೂ ಓಡುತ್ತಿರಬೇಕು.

ಅರ್ಧ ದಿನ ತಲೆ ಕೆರೆದುಕೊಂಡೆವು. ತಪ್ಪು ಸಿಕ್ಕಿದ್ದು ಊಟದ ಹೊತ್ತಿಗೆ. ಫೋನು 240 ಚಿತ್ರ ತೆಗೆದರೂ, ಫೈಲನ್ನು ಸೆಕೆಂಡಿಗೆ 30 ಚಿತ್ರದಂತೆ ಉಳಿಸಿರುತ್ತೆ. ಸ್ಲೋ ಮೋಷನ್ ಅಂದರೆ ಅದೇ ಅಲ್ವಾ. ಟ್ರ್ಯಾಕರ್ ಆ 30ನ್ನೇ ನಂಬಿತ್ತು. ಕಾಲ ಎಂಟು ಪಟ್ಟು ಹಿಗ್ಗಿತ್ತು. ವೇಗ ಎಂಟರಲ್ಲಿ ಒಂದು ಪಾಲಾಯಿತು, ವೇಗ ಇಳಿಯುವ ದರ ಎಂಟರ ವರ್ಗ, ಅಂದರೆ 64ರಲ್ಲಿ ಒಂದು ಪಾಲಾಯಿತು. 0.0019ನ್ನು 64ರಿಂದ ಗುಣಿಸಿದರೆ 0.12. ಅದು ನಂಬುವಂಥ ಸಂಖ್ಯೆ.

ನಂಬುವಂಥದ್ದು ಅಂತ ನಂಬಿ ಬಿಡಲಿಲ್ಲ. ಕ್ಯಾಮೆರಾ ಇಲ್ಲದೆ ಇನ್ನೊಂದು ದಾರಿಯಲ್ಲಿ ನೋಡೋಣ ಅಂತ ಬೋರ್ಡಿನ ಒಂದು ಬದಿಗೆ ನೋಟ್‌ಬುಕ್ ಒಂದೊಂದೇ ಸೇರಿಸುತ್ತಾ ಹೋದೆವು. ಸಣ್ಣಗೆ ತಟ್ಟಿದ ಕಾಯಿನ್ ವೇಗ ಏರದೆ ಇಳಿಯದೆ ಜಾರುತ್ತಾ ಹೋದಾಗ ಇಳಿಜಾರು ಸುಮಾರು 7 ಡಿಗ್ರಿ. ಹಾಗೆ ಜಾರುವ ಇಳಿಜಾರಿನ ಟ್ಯಾನ್ ಅಂದರೆ ಅದೇ ಘರ್ಷಣೆಯ ಅಂಶ. 7 ಡಿಗ್ರಿಗೆ ಅದು 0.12. ಎರಡು ದಾರಿ, ಒಂದೇ ಉತ್ತರ. ಅವತ್ತು ರಾತ್ರಿ ನೆಮ್ಮದಿಯಿಂದ ನಿದ್ದೆ ಬಂತು.

ಒಂದು ಸಣ್ಣ ವಿಷಯ. ಪುಸ್ತಕದಲ್ಲಿ ಗುರುತ್ವ 9.81 ಅಂತ ಇರುತ್ತೆ. ಮೈಸೂರು ಸಮಭಾಜಕ ವೃತ್ತಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಇಲ್ಲಿ ಅದು 9.78. ನಮ್ಮ ಅಳತೆಯ ತಪ್ಪಿನ ಮುಂದೆ ಈ ವ್ಯತ್ಯಾಸ ಏನೂ ಅಲ್ಲ. ಆದರೂ 9.78 ಅಂತಲೇ ಹಾಕಿದೆ. ನಮ್ಮೂರಿನ ಸಂಖ್ಯೆ.

ಡಿಕ್ಕಿ

ಈಗ ನಿಜವಾದ ಕೆಲಸ. 15 ಸೆಂ.ಮೀ. ದೂರದಲ್ಲಿ ಒಂದು ಕಾಯಿನ್, ನೇರ ಹೊಡೆತ, ಮಧ್ಯಮ ಎತ್ತರ. ಹತ್ತು ಸಲ.

ಒಂದು ಒಳ್ಳೆಯ ಹೊಡೆತದ ಲೆಕ್ಕ ಹೇಳುತ್ತೇನೆ. ತಗುಲುವ ಮೊದಲು ಸ್ಟ್ರೈಕರ್ ವೇಗ 1.50. ತಗುಲಿದ ಮೇಲೆ ಕಾಯಿನ್ 1.98, ಸ್ಟ್ರೈಕರ್ 0.78. ಕಾಯಿನ್ ಸ್ಟ್ರೈಕರ್‌ಗಿಂತ ಜೋರಾಗಿ ಓಡುತ್ತೆ, ಯಾಕೆಂದರೆ ಅದು ಹಗುರ. ಸಂವೇಗ ಅಂದರೆ ತೂಕವನ್ನು ವೇಗದಿಂದ ಗುಣಿಸಿದ್ದು. ಮೊದಲು 14.6 × 1.50, ಅಂದರೆ 21.9. ಆಮೇಲೆ ಸ್ಟ್ರೈಕರ್‌ದು 11.4, ಕಾಯಿನ್‌ದು 10.3, ಒಟ್ಟು 21.7. ನೂರಕ್ಕೆ ಒಂದು ಪಾಲು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಅಡ್ಡ ಹಲಗೆಗೆ ದಾರದಲ್ಲಿ ಕಟ್ಟಿದ ಫೋನಿನಿಂದ ಇದಕ್ಕಿಂತ ಜಾಸ್ತಿ ಕೇಳಬಾರದು. ಶಕ್ತಿಯ ಲೆಕ್ಕದಲ್ಲಿ ಮಾತ್ರ ಶೇ 11 ಕಾಣೆ. ಅದು ತಪ್ಪಲ್ಲ. 'ಟಕ್' ಅಂತ ಕೇಳಿಸಿತಲ್ಲ, ಅದರಲ್ಲಿ ಒಂದಿಷ್ಟು ಹೋಯಿತು, ಉಳಿದಿದ್ದು ಬಿಸಿಯಾಗಿ ಹೋಯಿತು.

ದೂರ ಸರಿಯುವ ವೇಗವನ್ನು ಹತ್ತಿರ ಬಂದ ವೇಗದಿಂದ ಭಾಗಿಸಿದರೆ ಪುಟಿಯುವ ಅಂಶ ಸಿಗುತ್ತೆ. 1.98ರಲ್ಲಿ 0.78 ಕಳೆದು, 1.50ರಿಂದ ಭಾಗಿಸಿದರೆ 0.80. ಹತ್ತು ಸಲದಲ್ಲಿ 0.77ರಿಂದ 0.84ರವರೆಗೆ ಬಂತು. ಇದೇ ಅಂಶವನ್ನು ನ್ಯೂಟನ್ ಕೂಡ ಲೋಲಕ ಕಟ್ಟಿಯೇ ಅಳೆದಿದ್ದ. 1687ರ ಪ್ರಿನ್ಸಿಪಿಯಾದಲ್ಲಿ ಬರೆದಿದ್ದಾನೆ. ಉಣ್ಣೆಯ ಉಂಡೆಗೆ ಒಂಬತ್ತರಲ್ಲಿ ಐದು, ಗಾಜಿನ ಗುಂಡಿಗೆ ಹದಿನಾರರಲ್ಲಿ ಹದಿನೈದು. ಗಾಳಿ ಎಷ್ಟು ತಡೆಯಿತು ಅಂತಲೂ ಲೆಕ್ಕ ಹಾಕಿ ಕಳೆದಿದ್ದಾನೆ. ನಮ್ಮ ಕಾಯಿನ್ ಉಣ್ಣೆಗೂ ಗಾಜಿಗೂ ಮಧ್ಯೆ ಬಂತು.

ಈ ತೂಕ, ಈ 0.80, ಎಲ್ಲ ಆಟಕ್ಕೆ ತುಂಬಿದೆವು. ಮಧ್ಯಮ ಹೊಡೆತಕ್ಕೆ ಆಟದ ಉತ್ತರ, ಕಾಯಿನ್ 1.99, ಸ್ಟ್ರೈಕರ್ 0.79. ಅವಳ ಮುಖ ಅರಳಿತು. "ನೋಡಿದ್ರಾ ಚಿಕ್ಕಪ್ಪ?"

"ಈಗ ಮೆತ್ತಗೆ ಹೊಡಿ."

ಬೋರ್ಡಿನ ಮೇಲೆ 0.8ರಲ್ಲಿ ಬಂದ ಸ್ಟ್ರೈಕರ್ 0.42ಕ್ಕೆ ಇಳಿಯಿತು, ಕಾಯಿನ್ 1.06ರಲ್ಲಿ ಹೊರಟು ಸುಮಾರು 45 ಸೆಂ.ಮೀ. ಹೋಗಿ ನಿಂತಿತು. ಆಟದಲ್ಲಿ ಎರಡೂ 0.59. ಒಂದೇ ವೇಗ, ಒಂದಕ್ಕೊಂದು ಅಂಟಿಕೊಂಡು, 25 ಸೆಂ.ಮೀ.ಗೆ ನಿಂತವು. ಸಂವೇಗದ ಲೆಕ್ಕ ಎರಡರಲ್ಲೂ ಸರಿ. ತಮಾಷೆ ಅಂದರೆ ಅದೇ. ಸಂವೇಗ ಒಂದನ್ನೇ ನೋಡಿದ್ದರೆ ಆಟ ಪಾಸಾಗುತ್ತಿತ್ತು. ಹೋಗಿದ್ದು ಪುಟಿತ. 0.80 ಅಂತ ನಾವು ಬರೆದಿದ್ದರೂ ಎಂಜಿನ್ ಅದನ್ನು ಸೊನ್ನೆ ಮಾಡಿಕೊಂಡಿತ್ತು.

ಅವಳು ಮೊದಲು ತನ್ನ ಕೋಡಿನಲ್ಲೇ ತಪ್ಪಿದೆ ಅಂದುಕೊಂಡು ಎರಡು ಗಂಟೆ ಹುಡುಕಿದಳು. ಇರಲಿಲ್ಲ. ಅವಳು ಬಳಸಿದ್ದು ಬಾಕ್ಸ್2ಡಿ. ಎರಿನ್ ಕ್ಯಾಟೊ ಎಂಬವರು ಬರೆದ ಎಂಜಿನ್, ಆ್ಯಂಗ್ರಿ ಬರ್ಡ್ಸ್ ಆಟದ ಒಳಗಿರುವುದೂ ಅದೇ. ಕೋಡು ಎಲ್ಲರಿಗೂ ತೆರೆದಿದೆ. ಒಳಗೆ ಹೋಗಿ ನೋಡಿದರೆ ಒಂದು ಸಾಲು ಸಿಕ್ಕಿತು. ಎರಡು ವಸ್ತು ಹತ್ತಿರ ಬರುವ ವೇಗ ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆ ಇದ್ದರೆ ಪುಟಿಸಬೇಡ ಅಂತ.

ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಎಂಜಿನ್ ಕಾಲವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಕತ್ತರಿಸಿ ಲೆಕ್ಕ ಹಾಕುತ್ತೆ. ಪೆಟ್ಟಿಗೆ ಮೇಲೆ ಪೆಟ್ಟಿಗೆ ಪೇರಿಸಿದಾಗ ಗುರುತ್ವ ಪ್ರತಿ ಹೆಜ್ಜೆಗೂ ಅವನ್ನು ಒಂಚೂರು ಕೆಳಗೆ ಎಳೆಯುತ್ತೆ. ಆ ಪುಟಾಣಿ ವೇಗವನ್ನೂ ಪುಟಿಸುತ್ತಾ ಹೋದರೆ ಪೆಟ್ಟಿಗೆಗಳು ನಿಲ್ಲದೆ ನಡುಗುತ್ತಲೇ ಇರುತ್ತವೆ. ಅದಕ್ಕೆ ಈ ಗೆರೆ. ಮನೆ ಕೆಡವುವ ಆಟಕ್ಕೆ ಸೆಕೆಂಡಿಗೆ 1 ಮೀಟರ್ ಅಂದರೆ ಏನೂ ಅಲ್ಲ. ಕ್ಯಾರಂನಲ್ಲಿ ಆಟದ ಅರ್ಧ ಬದುಕು ಆ ಗೆರೆಯ ಕೆಳಗೇ ಇದೆ.

ಹೊಸ ಆವೃತ್ತಿಗಳಲ್ಲಿ ಆ ಗೆರೆಯನ್ನು ನಾವೇ ಇಳಿಸಬಹುದು. ಅವಳ ಹತ್ತಿರ ಇದ್ದದ್ದು ಹಳೆಯದು. ಆದರೆ ಕೈಪಿಡಿ ಓದುತ್ತಾ ಹೋದಾಗ ಇನ್ನೊಂದು ಗುಟ್ಟು ಸಿಕ್ಕಿತು. ಈ ಎಂಜಿನ್ ಹದವಾಗಿ ಕೆಲಸ ಮಾಡುವುದು 10 ಸೆಂ.ಮೀ.ಯಿಂದ 10 ಮೀಟರ್‌ವರೆಗಿನ ವಸ್ತುಗಳಿಗೆ. ಒಂದರೊಳಗೊಂದು 5 ಮಿ.ಮೀ. ಹೊಕ್ಕರೂ ಪರವಾಗಿಲ್ಲ ಅಂತ ಬಿಡುತ್ತೆ. ಕಾಯಿನ್ ಅಡ್ಡಳತೆ 3.1 ಸೆಂ.ಮೀ. ಅದಕ್ಕೆ 5 ಮಿ.ಮೀ. ಅಂದರೆ ಆರರಲ್ಲಿ ಒಂದು ಪಾಲು!

ಹಾಗಾದರೆ ಬೋರ್ಡನ್ನೇ ಹಿಗ್ಗಿಸಿಬಿಡೋಣ. ಎಂಜಿನ್‌ನ ಒಂದು ಮೀಟರ್ ಅಂದರೆ ನಮ್ಮ 10 ಸೆಂ.ಮೀ. ಅಂತ ಇಟ್ಟೆವು. 74 ಸೆಂ.ಮೀ. ಬೋರ್ಡ್ ಅದಕ್ಕೆ 7.4 ಮೀಟರ್ ಅಂಗಳವಾಯಿತು. ನಮ್ಮ 0.8 ಅದಕ್ಕೆ 8. ಪುಟಿಸಬೇಡ ಅನ್ನುವ ಗೆರೆ ನಮ್ಮ ಲೆಕ್ಕದಲ್ಲಿ ಸೆಕೆಂಡಿಗೆ 10 ಸೆಂ.ಮೀ.ಗೆ ಇಳಿಯಿತು, ಹೊಕ್ಕುವ ಸಲುಗೆ ಅರ್ಧ ಮಿ.ಮೀ.ಗೆ ಇಳಿಯಿತು. ಒಂದೇ ಒಂದು ಸಂಖ್ಯೆ ಬದಲಿಸಿದ್ದಕ್ಕೆ ಎರಡು ಕಾಯಿಲೆ ವಾಸಿ. ಮೆತ್ತಗೆ ಹೊಡೆದಾಗ ಕಾಯಿನ್ 1.06, ಸ್ಟ್ರೈಕರ್ 0.42.

ನಾನೇನೂ ಹೇಳಲಿಲ್ಲ. ಸುಮ್ನೆ ಕಾಫಿ ಕುಡಿದೆ.

ನಿಲ್ಲುವ ಬಗೆ

ವೇಗ ಸರಿಯಾಯಿತು, ಆದರೆ ನಿಲ್ಲುವ ಜಾಗ ಇನ್ನೂ ಸರಿಯಾಗಲಿಲ್ಲ. ಇದರ ಕಾರಣ ನನಗೆ ಬೇಗ ಗೊತ್ತಾಯಿತು. ಗ್ರಾಫ್ ನೋಡಿದರೆ ಸಾಕಿತ್ತು. ಟ್ರ್ಯಾಕರ್‌ನಲ್ಲಿ ನಿಜವಾದ ಕಾಯಿನ್‌ನ ವೇಗ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆಯಲ್ಲಿ ಇಳಿದು ಸೊನ್ನೆ ಮುಟ್ಟುತ್ತೆ. ಪ್ರತಿ ಸೆಕೆಂಡಿಗೆ 1.2 ಮೀಟರ್ ವೇಗ ಕಡಿಮೆ, ಜೋರಾಗಿದ್ದರೂ ಅಷ್ಟೇ, ನಿಧಾನವಿದ್ದರೂ ಅಷ್ಟೇ. ಆಟದ್ದು ಬಾಗಿದ ಗೆರೆ. ಮೊದಲು ಧಡಕ್ಕನೆ ಇಳಿದು, ಕೊನೆಗೆ ಸೊನ್ನೆಯ ಹತ್ತಿರ ತೆವಳುತ್ತಾ ಹೋಗುತ್ತೆ.

ಎಂಜಿನ್‌ಗೆ ಮೇಲಿಂದ ನೋಡುವ ಬೋರ್ಡ್ ಅಂದರೆ ಗೊತ್ತಿಲ್ಲ. ಅದಕ್ಕೆ ನೆಲ ಅಂದರೆ ಪರದೆಯ ಕೆಳಗಿನ ಗೆರೆ. ಹಾಗಾಗಿ ಅವಳು ಗುರುತ್ವವನ್ನು ಸೊನ್ನೆ ಮಾಡಿ, 'ಲೀನಿಯರ್ ಡ್ಯಾಂಪಿಂಗ್' ಹಾಕಿದ್ದಳು. ಎಲ್ಲರೂ ಮಾಡುವುದು ಅದನ್ನೇ. ಆದರೆ ಅದು ಜೇನುತುಪ್ಪದೊಳಗೆ ಕಾಯಿನ್ ಓಡಿಸಿದ ಹಾಗೆ. ವೇಗ ಜಾಸ್ತಿ ಇದ್ದಷ್ಟೂ ತಡೆ ಜಾಸ್ತಿ. ಮರದ ಮೇಲೆ ಹಾಗಲ್ಲ.

ಇದರಿಂದ ಆಗುವ ಎಡವಟ್ಟು ಕೈಗೆ ಗೊತ್ತಾಗುತ್ತೆ. ಸೆಕೆಂಡಿಗೆ 1 ಮೀಟರ್ ವೇಗದ ಕಾಯಿನ್ ಎರಡರಲ್ಲೂ 42 ಸೆಂ.ಮೀ. ಹೋಗುವಂತೆ ಹೊಂದಿಸಿ ನೋಡಿದೆವು. ಅರ್ಧ ವೇಗಕ್ಕೆ ಬೋರ್ಡಿನಲ್ಲಿ 10 ಸೆಂ.ಮೀ., ಆಟದಲ್ಲಿ 21. ಎರಡು ಪಟ್ಟು ವೇಗಕ್ಕೆ ನಿಜದಲ್ಲಿ 1.67 ಮೀಟರ್ ಓಡಬೇಕು, ಆಟದಲ್ಲಿ 83 ಸೆಂ.ಮೀ. ಮಾತ್ರ. ನಿಜವಾದ ಬೋರ್ಡಿನಲ್ಲಿ ಎರಡು ಪಟ್ಟು ಜೋರಾಗಿ ಹೊಡೆದರೆ ನಾಲ್ಕು ಪಟ್ಟು ದೂರ. ಆಟಗಾರನ ಬೆರಳು ವರ್ಷಗಟ್ಟಲೆ ಕಲಿತಿರುವುದು ಈ ನಾಲ್ಕು ಪಟ್ಟನ್ನೇ. ಮೊದಲ ದಿನ ನನ್ನ ಕೈ ಯಾಕೆ ತಪ್ಪುತ್ತಿತ್ತು ಅಂತ ಈಗ ಅರ್ಥವಾಯಿತು.

ಡ್ಯಾಂಪಿಂಗ್ ತೆಗೆದು, ಪ್ರತಿ ಹೆಜ್ಜೆಗೂ ವೇಗದ ಎದುರು ದಿಕ್ಕಿಗೆ ಒಂದೇ ಅಳತೆಯ ತಡೆ ಕೊಡುವ ನಾಲ್ಕು ಸಾಲು ಬರೆದಳು. ಒಂದು ಎಚ್ಚರ ಬೇಕು. ತಡೆ ಕೊಟ್ಟು ವೇಗ ಸೊನ್ನೆ ದಾಟುವಂತಿದ್ದರೆ ಅಲ್ಲೇ ಸೊನ್ನೆ ಮಾಡಬೇಕು. ಇಲ್ಲದಿದ್ದರೆ ನಿಂತ ಕಾಯಿನ್ ಹಿಂದೆ ಮುಂದೆ ನಡುಗುತ್ತಿರುತ್ತೆ. ನಮ್ಮದೂ ನಡುಗಿತು, ಆಮೇಲೆ ಸರಿ ಮಾಡಿದೆವು.

ತಿರುಗುತ್ತಾ ಜಾರುವ ಕಾಯಿನ್ ವಿಷಯ ಇನ್ನೂ ಸೂಕ್ಷ್ಮ. ಬರೀ ಜಾರುವುದಕ್ಕಿಂತ ತಿರುಗುತ್ತಾ ಜಾರುವುದಕ್ಕೆ ತಡೆ ಕಡಿಮೆ, ಮತ್ತು ತಿರುಗುವುದು ಜಾರುವುದು ಎರಡೂ ಒಂದೇ ಕ್ಷಣಕ್ಕೆ ನಿಲ್ಲುತ್ತವೆ. ಅಂಚಿನ ಬೊಟ್ಟು ನೋಡಿದಾಗ ಅದು ನಿಜ ಅಂತ ಕಂಡಿತು, ಬಹಳ ಚೆಂದದ ದೃಶ್ಯ. ಆಟದಲ್ಲಿ ಅಂದಾಜಿನ ಒಂದು ಸೂತ್ರ ಹಾಕಿ ಮುಂದೆ ಹೋದೆವು.

ಗೋಡೆಯದ್ದು ಸಣ್ಣ ಕಥೆ. ಬೋರ್ಡಿನ ಮರದ ಚೌಕಟ್ಟಿಗೆ ಅವಳು ಪುಟಿತ 0.5 ಅಂತ ಬರೆದಿದ್ದಳು. ಎಷ್ಟು ಬದಲಿಸಿದರೂ ಆಟದಲ್ಲಿ ವ್ಯತ್ಯಾಸವೇ ಇಲ್ಲ. ಯಾಕೆಂದರೆ ಈ ಎಂಜಿನ್ ಎರಡು ವಸ್ತುಗಳ ಪುಟಿತದಲ್ಲಿ ಯಾವುದು ಜಾಸ್ತಿಯೋ ಅದನ್ನೇ ತಗೊಳ್ಳುತ್ತೆ. ಕಾಯಿನ್‌ದು 0.80, ಗೋಡೆಯ ಮಾತಿಗೆ ಬೆಲೆಯಿಲ್ಲ. ಅಳೆದಾಗ ಗೋಡೆಯದು 0.67 ಬಂತು. ಡಿಕ್ಕಿ ಆಗುವ ಕ್ಷಣದಲ್ಲಿ ಸಂಖ್ಯೆಯನ್ನು ನಾವೇ ಬದಲಿಸುವಂತೆ ಮಾಡಿದೆವು.

ನಾನೂ ತಪ್ಪಿದ್ದು

ಕಟ್ ಶಾಟ್, ಅಂದರೆ ಕಾಯಿನ್ ಪಕ್ಕಕ್ಕೆ ಓರೆಯಾಗಿ ತಗುಲಿಸುವ ಹೊಡೆತ, ಬಂದಾಗ ನಾನು ಗುರುವಿನ ಗತ್ತಿನಲ್ಲಿ ಹೇಳಿದೆ. "ಕಾಯಿನ್ ಯಾವಾಗಲೂ ಸೆಂಟರ್ ಲೈನಿನಲ್ಲೇ ಹೋಗುತ್ತೆ. ಸ್ಟ್ರೈಕರ್ ನಡುವಿನಿಂದ ಕಾಯಿನ್ ನಡುವಿಗೆ ಗೆರೆ ಎಳಿ, ಅಷ್ಟೇ. ಅಂಚಿನ ಘರ್ಷಣೆ ಸೊನ್ನೆ ಹಾಕು." ಮೂವತ್ತು ವರ್ಷದಿಂದ ಹಾಗೇ ಗುರಿ ಇಡುತ್ತಿದ್ದೇನೆ.

ಸ್ಟ್ರೈಕರ್‌ನ ದಾರಿಯನ್ನು ಕಾಯಿನ್‌ನ ನಡುವಿನಿಂದ 1.8 ಸೆಂ.ಮೀ. ಪಕ್ಕಕ್ಕೆ ಸರಿಸಿದರೆ ಸೆಂಟರ್ ಲೈನ್ 30 ಡಿಗ್ರಿಗೆ ಬರುತ್ತೆ. ನನ್ನ ಪ್ರಕಾರ ಕಾಯಿನ್ 30 ಡಿಗ್ರಿಗೆ ಹೋಗಬೇಕು. ಅವಳ ಆಟದಲ್ಲಿ ಎಂಜಿನ್ ತಾನಾಗಿ ಕೊಡುವ ಘರ್ಷಣೆ 0.2 ಹಾಗೇ ಇತ್ತು. ಅದು 24 ಡಿಗ್ರಿ ಅಂತು. ಎಂಟು ಸಲ ಹೊಡೆದು ಅಳೆದೆವು. ಸರಾಸರಿ 27.

ಅಂದರೆ ಸ್ಟ್ರೈಕರ್‌ನ ಅಂಚು ಉಜ್ಜಿಕೊಂಡು ಹೋಗುವಾಗ ಕಾಯಿನ್‌ನ್ನು ತನ್ನ ದಾರಿಯ ಕಡೆ ಒಂಚೂರು ಎಳೆದುಕೊಳ್ಳುತ್ತೆ. ಇಬ್ಬರೂ ಮೂರು ಮೂರು ಡಿಗ್ರಿ ತಪ್ಪು, ಬೇರೆ ಬೇರೆ ದಿಕ್ಕಿಗೆ. ಮೂರು ಡಿಗ್ರಿ ಅಂದರೆ 40 ಸೆಂ.ಮೀ. ದೂರಕ್ಕೆ 2 ಸೆಂ.ಮೀ. ಪಾಕೆಟ್ ಅಗಲ 4.45 ಸೆಂ.ಮೀ., ಕಾಯಿನ್ 3.1. ನಡುವಿನಿಂದ 2 ಸೆಂ.ಮೀ. ಸರಿದರೆ ಬೀಳುವುದಿಲ್ಲ.

ಹಾಗಾದರೆ ಮೂವತ್ತು ವರ್ಷ ನನ್ನ ಕಾಯಿನ್‌ಗಳು ಹೇಗೆ ಬಿದ್ದವು? ಮಾರನೇ ದಿನ ನನ್ನದೇ ಹೊಡೆತಗಳನ್ನು ವಿಡಿಯೋ ಮಾಡಿ ನೋಡಿದೆ. ಬಾಯಲ್ಲಿ ಸೆಂಟರ್ ಲೈನ್ ಅನ್ನುತ್ತಾ, ಕೈ ಮಾತ್ರ ಸ್ವಲ್ಪ ತೆಳ್ಳಗೆ ಹೊಡೆಯುತ್ತಿತ್ತು. ಅವಳು ಅದನ್ನು ಎರಡು ಸಲ ಹಾಕಿ ತೋರಿಸಿದಳು. ಮೂರನೇ ಸಲ ಅತ್ತಿಗೆಯನ್ನೂ ಕರೆದಳು. ಅಂಚಿನ ಘರ್ಷಣೆ 0.05 ಅಂತ ಬರೆದುಕೊಂಡೆವು.

ಸಾಲಾಗಿ ಮೂರು

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಮೂರು ಕಾಯಿನ್ ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟು ಹಿಂದಿನಿಂದ ಹೊಡೆಯುವುದು. ಕ್ಯಾರಂ ಆಡುವವರಿಗೆಲ್ಲ ಗೊತ್ತು, ಕೊನೆಯದು ಹಾರಿಹೋಗುತ್ತೆ.

ಬೋರ್ಡಿನ ಮೇಲೆ ಮಧ್ಯಮ ಹೊಡೆತಕ್ಕೆ ಕೊನೆಯದು 1.55, ಮಧ್ಯದ್ದು 0.9, ಮೊದಲನೆಯದು 0.6, ಸ್ಟ್ರೈಕರ್ 0.4. ಮೆಟ್ಟಿಲಿನ ಹಾಗೆ. ಆಟದಲ್ಲಿ ಮೂರು ಕಾಯಿನ್‌ಗಳೂ 1.3ರಲ್ಲಿ ರೈಲಿನ ಬೋಗಿಯಂತೆ ಒಟ್ಟಿಗೆ ಹೋದವು, ಸ್ಟ್ರೈಕರ್ 0.1ಕ್ಕೆ ಬಂದು ಹೆಚ್ಚುಕಮ್ಮಿ ನಿಂತೇ ಹೋಯಿತು. ಸಂವೇಗ ಕೂಡಿ ನೋಡಿ, ಎರಡೂ ಕಡೆ ಸರಿ. ಮತ್ತೆ ಅದೇ ತಮಾಷೆ.

ಕಾರಣ ಹೀಗೆ. ಎಂಜಿನ್ ಒಂದು ಹೆಜ್ಜೆಯಲ್ಲಿ ಎಲ್ಲ ಡಿಕ್ಕಿಗಳನ್ನೂ ಒಟ್ಟಿಗೆ ಬಿಡಿಸುತ್ತೆ. ಹೆಜ್ಜೆ ಶುರುವಾಗುವಾಗ ಯಾವ ಜೋಡಿ ಹತ್ತಿರ ಬರುತ್ತಿದೆಯೋ ಅದಕ್ಕೆ ಮಾತ್ರ ಪುಟಿತ. ತಾಗಿಕೊಂಡು ನಿಂತ ಕಾಯಿನ್‌ಗಳ ನಡುವೆ ಆಗ ವೇಗವೇ ಇಲ್ಲ, ಹಾಗಾಗಿ ಪುಟಿತವೂ ಇಲ್ಲ. ನಿಜದಲ್ಲಿ ಪೆಟ್ಟು ಮೊದಲನೆಯದರಿಂದ ಎರಡನೆಯದಕ್ಕೆ, ಅದರಿಂದ ಮೂರನೆಯದಕ್ಕೆ ದಾಟುತ್ತೆ. ಕ್ಷಣದೊಳಗೆ ಆದರೂ ಒಂದಾದ ಮೇಲೆ ಒಂದು.

ಔಷಧಿ ಸ್ವಲ್ಪ ಕಳ್ಳದಾರಿಯದ್ದು. ಕಾಯಿನ್‌ಗಳ ನಡುವೆ ಕಣ್ಣಿಗೆ ಕಾಣದಷ್ಟು, 0.3 ಮಿ.ಮೀ. ಸಂದು ಬಿಡುವುದು, ಮತ್ತು ಸೆಕೆಂಡಿಗೆ 60 ಹೆಜ್ಜೆಯ ಬದಲು 960 ಹೆಜ್ಜೆ ಹಾಕುವುದು. ಆಗ ಎಂಜಿನ್‌ಗೆ ಡಿಕ್ಕಿಗಳು ಒಂದೊಂದಾಗಿ ಕಾಣುತ್ತವೆ. ಉತ್ತರ ಮೆಟ್ಟಿಲಿನಂತೆ ಬಂತು, ಕೊನೆಯದು 1.6. ಇಪ್ಪತ್ತು ಬಿಲ್ಲೆಗೆ ಲ್ಯಾಪ್‌ಟಾಪ್ ಬಿಸಿಯೂ ಆಗಲಿಲ್ಲ. ಇನ್ನೊಂದು ಲಾಭ, ಜೋರಾದ ಸ್ಟ್ರೈಕರ್ ಕಾಯಿನ್‌ನ್ನು ತಾಗದೆ ಹಾರಿ ದಾಟುವ ಭಯವೂ ಹೋಯಿತು. 60 ಹೆಜ್ಜೆಯಲ್ಲಿ ಸೆಕೆಂಡಿಗೆ 5 ಮೀಟರ್ ವೇಗದ ಸ್ಟ್ರೈಕರ್ ಒಂದು ಹೆಜ್ಜೆಗೆ 8 ಸೆಂ.ಮೀ. ಜಿಗಿಯುತ್ತೆ.

ಶುರುವಿನ ಬ್ರೇಕ್, ಅಂದರೆ 19 ಕಾಯಿನ್ ಒಟ್ಟಿಗೆ, ಅದನ್ನು ಹೋಲಿಸುವ ಆಸೆ ಬಿಟ್ಟೆವು. ಬೋರ್ಡಿನ ಮೇಲೇ ಎರಡು ಸಲ ಒಂದೇ ರೀತಿ ಬರಲಿಲ್ಲ. ಕೂದಲಿನಷ್ಟು ಸಂದು ಹೆಚ್ಚುಕಮ್ಮಿ ಆದರೂ ಬೇರೆಯೇ ಚಿತ್ರ.

ಮಳೆ

ನಾಲ್ಕನೇ ಭಾನುವಾರ ಪಂದ್ಯ. ಆಟ ಮೊದಲು ಹೇಳಬೇಕು, ಆಮೇಲೆ ಬೋರ್ಡಿನ ಮೇಲೆ ಹೊಡೆಯಬೇಕು. ಕಾಯಿನ್ ಎಲ್ಲಿ ನಿಲ್ಲುತ್ತೆ ಅಂತ ಆಟ ಹೇಳಿದ ಜಾಗಕ್ಕೆ ಸೀಮೆಸುಣ್ಣದ ಗುರುತು. ಮೊದಲ ಹೊಡೆತ, 9 ಸೆಂ.ಮೀ. ಮೊದಲೇ ನಿಂತಿತು. ಎರಡನೆಯದು, 11. ಎಲ್ಲವೂ ಕಡಿಮೆಯೇ.

ರಾತ್ರಿಯಿಂದ ಜಡಿಮಳೆ ಹಿಡಿದಿತ್ತು. ಬೋರ್ಡ್ ತೇವ ಕುಡಿದಿತ್ತು. ಬೋರಿಕ್ ಪೌಡರ್ ಉಂಡೆ ಕಟ್ಟಿತ್ತು. ನೋಟ್‌ಬುಕ್ ಇಟ್ಟು ಮತ್ತೆ ಇಳಿಜಾರು ಅಳೆದರೆ 7ರ ಜಾಗದಲ್ಲಿ 9 ಡಿಗ್ರಿ, ಅಂದರೆ 0.16. ಡಿಕ್ಕಿಯ ಸಂಖ್ಯೆಗಳು ಒಂದೂ ಬದಲಾಗಿರಲಿಲ್ಲ, ನೆಲ ಮಾತ್ರ ಬದಲಾಗಿತ್ತು. ಆ ಒಂದು ಸಂಖ್ಯೆ ತಿದ್ದಿ ಮತ್ತೆ ಗುರುತು ಹಾಕಿದೆವು. ಆರು ಹೊಡೆತದಲ್ಲಿ ನಾಲ್ಕು 2 ಸೆಂ.ಮೀ. ಒಳಗೆ. ಒಂದು 3. ಇನ್ನೊಂದು ಲೆಕ್ಕಕ್ಕಿಲ್ಲ, ಬೆಕ್ಕು ಬಂತು.

ಆಟದ ಮೆನುವಿನಲ್ಲಿ ಈಗ 'ಬೇಸಿಗೆ' ಮತ್ತು 'ಮಳೆಗಾಲ' ಅಂತ ಎರಡು ಬೋರ್ಡ್ ಇದೆ. ಅವಳ ಗೆಳತಿಯರು ಮೊದಲಿನದೇ ಸುಲಭ ಇತ್ತು ಅಂದರಂತೆ. ಐದನೇ ಭಾನುವಾರ ಪಾಕೆಟ್ ಬಾಯಿಯ ದುಂಡು ಅಂಚಿಗೆ ತಗುಲಿ ಒಳಗೆ ಬೀಳುವ ಕಾಯಿನ್ ಅಳೆಯಲು ಕೂತೆವು. ಅದು ಬೀಳುವಾಗ ವಾಲುತ್ತೆ, ವಾಲಿದರೆ ಮೇಲಿನ ಕ್ಯಾಮೆರಾಗೆ ಬೊಟ್ಟು ಕಾಣಲ್ಲ. ಪಕ್ಕಕ್ಕೆ ಇನ್ನೊಂದು ಫೋನ್ ಬೇಕು. ತೂಕದ ಕಲ್ಲನ್ನು ತರಕಾರಿಯವರಿಗೆ ವಾಪಸ್ ಕೊಟ್ಟಾಗ, "ಇದಕ್ಕೆ ಟ್ಯೂಬ್ ಯಾಕೆ ಸಾರ್ ಅಂಟಿಸಿದ್ರಿ, ತೂಕ ಜಾಸ್ತಿ ಆಗಲ್ವಾ?" ಅಂದರು. ಅಲ್ಲೇ ನಿಂತು ಕಿತ್ತುಕೊಟ್ಟೆ.